ಓಲೆಗರಿಯಿಂದ ಪಠ್ಯಕ್ರಮಕ್ಕೆ: ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳ ಜೀವನ ಸಾಧನೆ

೧

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂತರರಾಷ್ಟ್ರೀಯ ರಾಜಕೀಯವನ್ನು ಮೊದಲ ಬಾರಿಗೆ ಅಭ್ಯಾಸ ಮಾಡತೊಡಗುವ ವಿದ್ಯಾರ್ಥಿಗಳು ರಾಜ್ಯ ರಾಜ್ಯಗಳ ನಡುವಣ ಬಲಾಬಲದ ವಿಚಾರಕ್ಕೆ ಬಂದೊಡನೆ ಸಾಮಾನ್ಯವಾಗಿ ಮೂರು ಹೆಸರುಗಳನ್ನು ಕೇಳುತ್ತಾರೆ. ಗ್ರೀಸಿನ ಥ್ಯುಸಿಡಿಡೀಸ್, ಇಟಲಿಯ ಮ್ಯಾಕಿಯವೆಲ್ಲಿ, ಭಾರತದ ಕೌಟಿಲ್ಯ. ಈ ಮೂವರನ್ನು ಒಂದೇ ಉಸಿರಿನಲ್ಲಿ ಹೇಳುವುದು ಈಗ ಅಧ್ಯಾಪಕರಿಗೆ ರೂಢಿಯಾಗಿದೆ. ಆದರೆ ಮೂವರ ಗ್ರಂಥಗಳೂ ನಮ್ಮ ಕೈಗೆ ಬಂದ ಬಗೆ ಒಂದೇ ಅಲ್ಲ. ಥ್ಯುಸಿಡಿಡೀಸನ ಇತಿಹಾಸವಾಗಲಿ ಮ್ಯಾಕಿಯವೆಲ್ಲಿಯ ರಾಜನೀತಿಯ ಕಿರುಹೊತ್ತಗೆಯಾಗಲಿ ಹದಿನಾರನೆಯ ಶತಮಾನದಿಂದಲೂ ಅಚ್ಚಿನಲ್ಲಿ ಓದುಗರಿಗೆ ದೊರೆಯುತ್ತ ಬಂದವು. ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾದದ್ದು 1909ರಲ್ಲಿ, ಮೈಸೂರಿನಲ್ಲಿ. ಅದಕ್ಕೆ ಮುನ್ನ ಆಧುನಿಕ ವಿದ್ವತ್ತಿನ ಪಾಲಿಗೆ ಆ ಗ್ರಂಥ ಕೇವಲ ಒಂದು ಹೆಸರಾಗಿತ್ತು.

ಆ ಹೆಸರಿಗೆ ಗ್ರಂಥವನ್ನು ಒದಗಿಸಿಕೊಟ್ಟವರು ಕನ್ನಡ ನಾಡಿನ ಪಂಡಿತರಾದ ರುದ್ರಪಟ್ಟಣ ಶಾಮಶಾಸ್ತ್ರಿಗಳು. ರಾಜ್ಯಶಾಸ್ತ್ರದ ವಿದ್ಯಾರ್ಥಿ ಅವರ ಗ್ರಂಥವನ್ನು ಬಲ್ಲ, ಅವರನ್ನು ಅರಿಯ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಅವರು ಪ್ರಾಚ್ಯಕೋಶಾಗಾರದ ಪ್ರಕಟಣೆಗಳ ಮುಖಪುಟದಲ್ಲಿ ಕಾಣುವ ಹೆಸರು ಮಾತ್ರ; ಅವರ ಶೋಧ ಎಂತಹ ಹೊಸ ಅಧ್ಯಯನಕ್ಕೆ ಬುನಾದಿಯಾಯಿತೆಂಬುದು ಅವನ ಗಮನಕ್ಕೆ ಬರುವುದು ಅಪರೂಪ. ಈ ಎರಡು ಅರಿವುಗಳನ್ನೂ ಜೊತೆಗೂಡಿಸಿ ಶಾಸ್ತ್ರಿಗಳ ಜೀವನವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಾಜ್ಯಗಳ ಸಂಬಂಧವನ್ನು ಕುರಿತ ಒಂದು ಶಾಸ್ತ್ರದ ಮೊದಲ ಪಾಠವು ಒಂದು ಹಸ್ತಪ್ರತಿಯ ಸರಿಯಾದ ಓದನ್ನು ಅವಲಂಬಿಸಿದೆ ಎಂಬುದೇ ಈ ನಿರೂಪಣೆಯಿಂದ ಹೊರಡುವ ಮುಖ್ಯ ಸಂಗತಿ.

೨

ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರಿಯ ದಡದ ರುದ್ರಪಟ್ಟಣದಲ್ಲಿ ಜನಿಸಿದರು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ ಈ ಗ್ರಾಮ ಸಂಗೀತ ವಿದ್ವಾಂಸರ ನೆಲೆಯಾಗಿ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆರಂಭದ ವಿದ್ಯಾಭ್ಯಾಸ ಹುಟ್ಟೂರಿನಲ್ಲೇ ನಡೆಯಿತು. ಅನಂತರ ಅವರು ಮೈಸೂರಿನ ಸಂಸ್ಕೃತ ಪಾಠಶಾಲೆಯನ್ನು ಸೇರಿ ವಿದ್ವತ್ ಪದವಿಯನ್ನು ಪಡೆದರು. ಅಷ್ಟಕ್ಕೆ ನಿಲ್ಲದೆ ಇಂಗ್ಲಿಷ್ ವಿದ್ಯಾಭ್ಯಾಸವನ್ನೂ ಕೈಗೊಂಡು ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವೀಧರರಾದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಾಠಶಾಲೆಯ ವಿದ್ವತ್ತು ಒಂದು ದಾರಿ, ಕಾಲೇಜಿನ ಪದವಿ ಇನ್ನೊಂದು ದಾರಿ ಎಂದು ಜನ ಭಾವಿಸಿದ್ದರು. ಎರಡನ್ನೂ ನಡೆದವರು ವಿರಳ. ಶಾಸ್ತ್ರಿಗಳು ಮುಂದೆ ಮಾಡಿದ ಕೆಲಸಕ್ಕೆ ಎರಡೂ ಬೇಕಾಗಿದ್ದವು. ಸಂಸ್ಕೃತ, ಪ್ರಾಕೃತ, ಕನ್ನಡ, ಇಂಗ್ಲಿಷುಗಳ ಜೊತೆಗೆ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳನ್ನೂ ಅವರು ಕಲಿತಿದ್ದರು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಈ ತರುಣ ವಿದ್ವಾಂಸರ ಯೋಗ್ಯತೆಯನ್ನು ಗುರುತಿಸಿ, ಮೈಸೂರಿನ ಸರ್ಕಾರಿ ಪ್ರಾಚ್ಯಕೋಶಾಗಾರದಲ್ಲಿ ಅವರಿಗೆ ಗ್ರಂಥಪಾಲಕರ ಕೆಲಸ ದೊರೆಯುವಂತೆ ಮಾಡಿದರು. 1891ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಓಲೆಗರಿ ಹಾಗೂ ಕಾಗದದ ಹಸ್ತಪ್ರತಿಗಳನ್ನು ಕಲೆಹಾಕುವುದು, ವಿವರಣಾತ್ಮಕ ಸೂಚಿಗಳನ್ನು ಸಿದ್ಧಪಡಿಸುವುದು, ಅಪೂರ್ವ ಗ್ರಂಥಗಳನ್ನು ಸಂಪಾದಿಸಿ ಮುದ್ರಿಸುವುದು, ಈ ಮೂರು ಕಾರ್ಯಗಳನ್ನು ನಿರ್ವಹಿಸುತ್ತಿತ್ತು. ಎ. ಮಹಾದೇವ ಶಾಸ್ತ್ರಿಗಳು ಆಗ ಅದರ ಮುಖ್ಯಸ್ಥರಾಗಿದ್ದರು. ಕಟ್ಟನ್ನು ಬಿಚ್ಚಿ, ಗರಿಗಳನ್ನು ಒಂದೊಂದಾಗಿ ಓದಿ, ಗ್ರಂಥದ ಹೆಸರು, ಕರ್ತೃ, ಆದಿ, ಅಂತ್ಯಗಳನ್ನು ಗುರುತು ಹಾಕಿಕೊಳ್ಳುವುದು ಗ್ರಂಥಪಾಲಕರ ದಿನನಿತ್ಯದ ದುಡಿಮೆ. ಹೊರಗಿನವರಿಗೆ ನೀರಸವಾಗಿ ತೋರುವ ಈ ದುಡಿಮೆಯೇ ಅರ್ಥಶಾಸ್ತ್ರದ ಶೋಧಕ್ಕೆ ದಾರಿಯಾಯಿತು.

೩

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಕೋಶಾಗಾರಕ್ಕೆ ಒಪ್ಪಿಸಿದ್ದ ಹಸ್ತಪ್ರತಿಗಳಲ್ಲಿ ಗ್ರಂಥಲಿಪಿಯ ಒಂದು ಕಟ್ಟು ಇತ್ತು. ಅದರೊಡನೆ ಭಟ್ಟಸ್ವಾಮಿ ಎಂಬ ವ್ಯಾಖ್ಯಾನಕಾರನ ಅಪೂರ್ಣ ಟೀಕೆಯೂ ಇತ್ತು. 1905ರ ವೇಳೆಗೆ ಶಾಮಶಾಸ್ತ್ರಿಗಳು ಆ ಕಟ್ಟನ್ನು ಪರಿಶೀಲಿಸಿ, ಅದು ಕಳೆದುಹೋಯಿತೆಂದು ಎಲ್ಲರೂ ನಂಬಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು.

ಈ ಗುರುತಿಸುವಿಕೆಯ ಮಹತ್ವ ತಿಳಿಯಬೇಕಾದರೆ ಅಲ್ಲಿಯವರೆಗೆ ಚಾಣಕ್ಯನ ಬಗೆಗೆ ನಾಡಿಗೆ ಏನು ತಿಳಿದಿತ್ತೆಂಬುದನ್ನು ನೆನೆಯಬೇಕು. ಕನ್ನಡದ ಓದುಗರಿಗೆ ಅವನು ಅಪರಿಚಿತನಲ್ಲ. ವಡ್ಡಾರಾಧನೆಯಲ್ಲಿ ಅವನು ಉಪಸರ್ಗವನ್ನು ಸಹಿಸಿ ಸದ್ಗತಿ ಪಡೆದ ಜೈನ ಋಷಿ. ಕೆಂಪುನಾರಾಯಣ 1823ರಲ್ಲಿ ರಚಿಸಿದ ಮುದ್ರಾಮಂಜೂಷದಲ್ಲಿ ಅವನು ನಂದರನ್ನು ಉರುಳಿಸಿದ ಚತುರ ತಂತ್ರಗಾರ. ಸಂಸ್ಕೃತದಲ್ಲಿ ದಂಡಿ, ಬಾಣ ಮುಂತಾದವರು ಅವನ ಶಾಸ್ತ್ರವನ್ನು ಹೆಸರಿಸಿದ್ದರು. ಕಾಮಂದಕನು ನೀತಿಸಾರದಲ್ಲಿ ಅದನ್ನು ಅನುಸರಿಸಿದ್ದನು. ಹತ್ತನೆಯ ಶತಮಾನದಲ್ಲಿ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಸೋಮದೇವಸೂರಿಯ ನೀತಿವಾಕ್ಯಾಮೃತವು ಕೌಟಿಲ್ಯನಿಗೆ ಬಹುವಾಗಿ ಋಣಿಯಾದ ಕೃತಿ. ಪಂಪನಿಗೆ ಆಶ್ರಯವಿತ್ತ ಮನೆತನದಲ್ಲಿಯೇ ಒಂದೆರಡು ತಲೆಮಾರುಗಳ ಬಳಿಕ ಅರ್ಥಶಾಸ್ತ್ರದ ಅಧ್ಯಯನ ಜೀವಂತವಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಹೀಗೆ ವ್ಯಕ್ತಿಯ ಕಥೆ ಉಳಿದಿತ್ತು, ಶಾಸ್ತ್ರದ ನೆರಳು ಉಳಿದಿತ್ತು. ಶಾಸ್ತ್ರ ಮಾತ್ರ ಮರೆಯಾಗಿತ್ತು.

ದೊರೆತ ಗ್ರಂಥವನ್ನು ಓದುವುದು ಸುಲಭದ ಕೆಲಸವಾಗಿರಲಿಲ್ಲ. ಹದಿನೈದು ಅಧಿಕರಣಗಳ, ನೂರೈವತ್ತು ಅಧ್ಯಾಯಗಳ ದೊಡ್ಡ ಗ್ರಂಥ. ಹೋಲಿಸಿ ನೋಡಲು ಕೈಯಲ್ಲಿ ಮತ್ತೊಂದು ಪೂರ್ಣ ಪ್ರತಿಯಿಲ್ಲ. ಪದಗಳ ನಡುವೆ ಬಿಡುವಿಲ್ಲದ ಬರವಣಿಗೆ, ಸೂತ್ರಪ್ರಾಯವಾದ ಗದ್ಯ. ಗಣಿ, ಸುಂಕ, ಆನೆಗಾಡು, ನೇಯ್ಗೆ, ತೂಕ, ಅಳತೆ, ಕೋಟೆ, ಗೂಢಚಾರಿಕೆಗಳಿಗೆ ಸಂಬಂಧಿಸಿದ ನೂರಾರು ಪಾರಿಭಾಷಿಕ ಪದಗಳು ನಿಘಂಟುಗಳಲ್ಲಿ ಇರಲಿಲ್ಲ. ಇದ್ದ ಪದಗಳೂ ಬೇರೆ ಅರ್ಥದಲ್ಲಿ ಬಳಕೆಯಾಗಿದ್ದವು. ಆಕ್ರಂದವೆಂದರೆ ಸಾಮಾನ್ಯವಾಗಿ ಗೋಳಾಟ. ಈ ಶಾಸ್ತ್ರದಲ್ಲಿ ಅದು ದಂಡೆತ್ತಿ ಹೋಗುವ ರಾಜನ ಬೆನ್ನಿನ ಕಡೆಯಿದ್ದು, ಆಪತ್ತಿನಲ್ಲಿ ಕೂಗಿ ಕರೆಯಬಹುದಾದ ಮಿತ್ರರಾಜ. ಉದಾಸೀನವೆಂದರೆ ಇಂದಿನ ಕನ್ನಡದಲ್ಲಿ ಅಲಕ್ಷ್ಯ. ಇಲ್ಲಿ ಅದು ಜಗಳದ ವಲಯದಿಂದ ಹೊರಗಿರುವ, ಎಲ್ಲರಿಗಿಂತ ಬಲಶಾಲಿಯಾದ ರಾಜನ ಹೆಸರು. ಆಸನವೆಂದರೆ ಪೀಠವಲ್ಲ, ಮುಂದೆ ನುಗ್ಗದೆ ಕಾದು ಕುಳಿತಿರುವ ನೀತಿ. ಇಂತಹ ಒಂದೊಂದು ಪದದ ಅರ್ಥನಿರ್ಣಯಕ್ಕೂ ಇಡೀ ಗ್ರಂಥದಲ್ಲಿ ಅದರ ಪ್ರಯೋಗಗಳನ್ನೆಲ್ಲ ಅರಸಿ ತೂಗಿ ನೋಡಬೇಕಾಗಿತ್ತು.

ಶಾಸ್ತ್ರಿಗಳು ಪೂರ್ಣ ಪರಿಷ್ಕಾರವಾಗುವವರೆಗೆ ಗ್ರಂಥವನ್ನು ತಮ್ಮಲ್ಲೇ ಇರಿಸಿಕೊಳ್ಳಲಿಲ್ಲ. ಅನುವಾದದ ಭಾಗಗಳನ್ನು ಮೊದಲು ವಿದ್ವತ್ಪತ್ರಿಕೆಗಳಲ್ಲಿ ಕಂತುಕಂತಾಗಿ ಪ್ರಕಟಿಸಿದರು. 1909ರಲ್ಲಿ ಸಂಸ್ಕೃತ ಮೂಲ ಕೋಶಾಗಾರದ ಗ್ರಂಥಮಾಲೆಯಲ್ಲಿ ಹೊರಬಂದಿತು. 1915ರಲ್ಲಿ ಪೂರ್ಣ ಇಂಗ್ಲಿಷ್ ಅನುವಾದ ಬೆಂಗಳೂರಿನಲ್ಲಿ ಮುದ್ರಣಗೊಂಡಿತು. ಅದಕ್ಕೆ ಪ್ರಸ್ತಾವನೆಯನ್ನು ಬರೆದವರು ಜೆ. ಎಫ್. ಫ್ಲೀಟ್, ಕನ್ನಡ ನಾಡಿನ ರಾಜಮನೆತನಗಳ ಚರಿತ್ರೆಯನ್ನೂ ಶಾಸನಗಳನ್ನೂ ಪರಿಷ್ಕರಿಸಿ ನಮಗೆ ಚಿರಪರಿಚಿತರಾದ ವಿದ್ವಾಂಸರೇ ಇವರು. ಮೂಲದ ಪರಿಷ್ಕೃತ ಮುದ್ರಣಗಳೂ, ಅನುವಾದದ ಮರುಮುದ್ರಣಗಳೂ, 1924–25ರಲ್ಲಿ ಮೂರು ಸಂಪುಟಗಳ ಪದಸೂಚಿಯೂ ಬಂದವು. ಮೊದಲ ಶೋಧದಿಂದ ಪದಸೂಚಿಯವರೆಗೆ ಇಪ್ಪತ್ತು ವರ್ಷಗಳು. ಒಂದೇ ಗ್ರಂಥದೊಡನೆ ನಡೆಸಿದ ಇಷ್ಟು ದೀರ್ಘ ಒಡನಾಟ ನಮ್ಮ ಸಂಪಾದನ ಚರಿತ್ರೆಯಲ್ಲಿ ವಿರಳವಾದುದು.

೪

ಅನುವಾದ ಹೊರಬಂದ ಕಾಲವನ್ನು ಇಲ್ಲಿ ಗಮನಿಸಬೇಕು. ಮೊದಲ ಮಹಾಯುದ್ಧ ಆಗ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ, ರಾಷ್ಟ್ರಗಳ ನಡುವಣ ಸಂಬಂಧವನ್ನು ಇತಿಹಾಸದ ಅಥವಾ ಕಾನೂನಿನ ಅಂಗವಾಗಿ ಮಾತ್ರವಲ್ಲದೆ ಸ್ವತಂತ್ರ ವಿಷಯವಾಗಿ ಬೋಧಿಸಬೇಕೆಂಬ ಅಭಿಪ್ರಾಯ ಬಲಗೊಂಡಿತು. 1919ರಲ್ಲಿ ವೇಲ್ಸ್ ಪ್ರಾಂತದ ಅಬರಿಸ್ಟ್ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆ ಮೀಸಲಾದ ಮೊತ್ತಮೊದಲ ಪ್ರಾಧ್ಯಾಪಕ ಪೀಠ ಸ್ಥಾಪಿತವಾಯಿತು. ಅದೇ ವರ್ಷ ಮ್ಯೂನಿಕ್ ನಗರದಲ್ಲಿ ರಾಜಕೀಯ ವೃತ್ತಿಯನ್ನು ಕುರಿತು ಉಪನ್ಯಾಸ ನೀಡಿದ ಸಮಾಜವಿಜ್ಞಾನಿ ಮ್ಯಾಕ್ಸ್ ವೇಬರ್ ಅರ್ಥಶಾಸ್ತ್ರವನ್ನು ಪ್ರಸ್ತಾಪಿಸಿ, ಅದರ ಮುಂದೆ ಮ್ಯಾಕಿಯವೆಲ್ಲಿ ನಿರುಪದ್ರವಿಯಾಗಿ ಕಾಣುತ್ತಾನೆಂಬ ಅಭಿಪ್ರಾಯವನ್ನು ಸೂಚಿಸಿದರು. ಅದೇ ವರ್ಷವೇ ಬಂಗಾಳದ ವಿದ್ವಾಂಸ ಬಿನಯಕುಮಾರ ಸರ್ಕಾರ್ ಅವರು ಅಮೆರಿಕದ ರಾಜ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಹಿಂದೂಗಳ ಅಂತರರಾಷ್ಟ್ರೀಯ ಸಂಬಂಧ ಸಿದ್ಧಾಂತವನ್ನು ನಿರೂಪಿಸಿ ಮಂಡಲದ ಕಲ್ಪನೆಯನ್ನು ಹೊರದೇಶದ ಓದುಗರ ಮುಂದಿಟ್ಟರು. 1923ರಲ್ಲಿ ಕಾಳಿದಾಸ ನಾಗ್ ಅವರು ಪ್ರಾಚೀನ ಭಾರತದ ರಾಜತಂತ್ರ ಸಿದ್ಧಾಂತ ಹಾಗೂ ಅರ್ಥಶಾಸ್ತ್ರಗಳನ್ನು ಕುರಿತು ಪ್ಯಾರಿಸಿನಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ವಿಷಯವು ವಿಶ್ವವಿದ್ಯಾಲಯವನ್ನು ಪ್ರವೇಶಿಸಿದ ಗಳಿಗೆಯಲ್ಲೇ ಮೈಸೂರಿನ ಗ್ರಂಥವೂ ಅದರೊಡನೆ ಪ್ರವೇಶಿಸಿತೆನ್ನಬಹುದು.

ಗ್ರಂಥದ ಆರನೆಯ ಮತ್ತು ಏಳನೆಯ ಅಧಿಕರಣಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಜಯವನ್ನು ಬಯಸುವ ರಾಜ, ಅಂದರೆ ವಿಜಿಗೀಷು, ಮಧ್ಯದಲ್ಲಿದ್ದಾನೆ. ಅವನ ಮುಂದುಗಡೆ ಅರಿ, ಮಿತ್ರ, ಅರಿಮಿತ್ರ, ಮಿತ್ರಮಿತ್ರ, ಅರಿಮಿತ್ರಮಿತ್ರ ಎಂಬ ಐವರು. ಹಿಂದುಗಡೆ ಹಿಮ್ಮಡಿಯನ್ನು ಹಿಡಿಯುವ ಪಾರ್ಷ್ಣಿಗ್ರಾಹ, ನೆರವಿಗೆ ಬರುವ ಆಕ್ರಂದ, ಇವರಿಬ್ಬರ ಬೆಂಬಲಿಗರು, ಹೀಗೆ ನಾಲ್ವರು. ಇವರಲ್ಲದೆ ಮಧ್ಯಮ ಮತ್ತು ಉದಾಸೀನ. ಒಟ್ಟು ಹನ್ನೆರಡು ರಾಜರ ವಲಯ. ಪ್ರತಿಯೊಬ್ಬನಿಗೂ ಅಮಾತ್ಯ, ಜನಪದ, ದುರ್ಗ, ಕೋಶ, ದಂಡಗಳೆಂಬ ಐದು ಅಂಗಗಳನ್ನು ಕೂಡಿಸಿ ಎಪ್ಪತ್ತೆರಡು ಪ್ರಕೃತಿಗಳನ್ನು ಶಾಸ್ತ್ರಕಾರ ಎಣಿಸುತ್ತಾನೆ. ಈ ವಲಯದಲ್ಲಿ ನಡೆದುಕೊಳ್ಳುವ ಬಗೆಗಳು ಆರು: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ ಹಾಗೂ ಒಬ್ಬನೊಡನೆ ಸಂಧಿ ಇನ್ನೊಬ್ಬನೊಡನೆ ವಿಗ್ರಹವೆಂಬ ದ್ವೈಧೀಭಾವ.

ತರಗತಿಗಳಲ್ಲಿ ಈ ವಿಚಾರ ಒಮ್ಮೊಮ್ಮೆ ತೀರ ಸಂಕುಚಿತವಾಗಿ, ನೆರೆಯವನು ವೈರಿ, ವೈರಿಯ ವೈರಿ ಮಿತ್ರ ಎಂಬ ಒಂದು ಸೂತ್ರಕ್ಕೆ ಇಳಿಯುವುದುಂಟು. ಶಾಮಶಾಸ್ತ್ರಿಗಳ ಅನುವಾದವನ್ನು ಕೈಯಲ್ಲಿ ಹಿಡಿದು ಓದಿದ ವಿದ್ಯಾರ್ಥಿಗೆ ಗ್ರಂಥ ಅಷ್ಟು ಸರಳವಾಗಿಲ್ಲವೆಂದು ತಿಳಿಯುತ್ತದೆ. ನೆರೆಯ ರಾಜರಲ್ಲಿ ವೈರಭಾವದವರೂ ಮಿತ್ರಭಾವದವರೂ ಸೇವಕಭಾವದವರೂ ಇರುತ್ತಾರೆಂದು ಕೌಟಿಲ್ಯ ಸ್ಪಷ್ಟವಾಗಿ ವಿಂಗಡಿಸುತ್ತಾನೆ. ಸಂಧಿ, ವಿಗ್ರಹಗಳೆರಡರಿಂದಲೂ ಸಮಾನ ಲಾಭವಿದ್ದಲ್ಲಿ ಸಂಧಿಯನ್ನೇ ಆರಿಸಿಕೊಳ್ಳಬೇಕೆಂಬುದು ಅವನ ನಿರ್ಣಯ. ವಿಗ್ರಹದಲ್ಲಿ ಜನನಾಶ, ವೆಚ್ಚ, ಪರಸ್ಥಳವಾಸ ಮುಂತಾದ ಕೇಡುಗಳಿವೆ ಎಂಬುದು ಅದಕ್ಕೆ ಕಾರಣ. ದುರ್ಬಲ ರಾಜನು ಬಲಿಷ್ಠನೆದುರು ಹೇಗೆ ಉಳಿಯಬೇಕೆಂಬುದಕ್ಕೇ ಹನ್ನೆರಡನೆಯ ಅಧಿಕರಣ ಮೀಸಲಾಗಿದೆ. ಮೂಲವನ್ನು ಓದದೆ ಸೂತ್ರವನ್ನು ಮಾತ್ರ ಉರು ಹೊಡೆದರೆ ವಿದ್ಯಾರ್ಥಿಗೆ ಯುದ್ಧದ ಶಾಸ್ತ್ರ ದೊರೆಯುತ್ತದೆಯೇ ಹೊರತು ವಿವೇಚನೆಯ ಶಾಸ್ತ್ರ ದೊರೆಯುವುದಿಲ್ಲ.

ಈ ಶಾಸ್ತ್ರಕ್ಕೆ ದೃಷ್ಟಾಂತವನ್ನು ಕನ್ನಡದ ವಿದ್ಯಾರ್ಥಿ ದೂರದಲ್ಲಿ ಅರಸಬೇಕಾಗಿಲ್ಲ. ಇಂದಿನ ವಡೋದರಾ, ಸೂರತ್ತುಗಳನ್ನು ಒಳಗೊಂಡ ದಕ್ಷಿಣ ಗುಜರಾತು ಆಗ ಲಾಟದೇಶವೆನಿಸಿತ್ತು. ಮಾನ್ಯಖೇಟದ ರಾಷ್ಟ್ರಕೂಟರ ಶಾಖೆಯೊಂದು ಅಲ್ಲಿ ಆಳುತ್ತಿತ್ತು. ಕ್ರಿ.ಶ. 812ರ ಬರೋಡಾ ತಾಮ್ರಪಟದಲ್ಲಿ, ಆ ಶಾಖೆಯ ಕರ್ಕ ಸುವರ್ಣವರ್ಷನನ್ನು ಅವನ ಒಡೆಯನು ಮಾಳವದ ರಾಜನ ರಕ್ಷಣೆಗಾಗಿ ಗುರ್ಜರ ರಾಜನಿಗೆ ಎದುರಾಗಿ ಬಾಗಿಲ ಅಗುಳಿಯಂತೆ ನಿಲ್ಲಿಸಿದನೆಂಬ ವರ್ಣನೆಯಿದೆ. ದಕ್ಷಿಣದ ಸಾಮ್ರಾಟ, ಉತ್ತರದ ಪ್ರತಿಸ್ಪರ್ಧಿ, ನಡುವೆ ಕಾಪಾಡಬೇಕಾದ ಸಣ್ಣ ರಾಜ್ಯ, ಗಡಿಯಲ್ಲಿ ನಂಬಿಕೆಯ ಸಾಮಂತ: ಮಂಡಲದ ಪಾತ್ರಗಳೆಲ್ಲ ಇಲ್ಲಿವೆ. ಆ ಶಾಸನ ದಾನವಾಗಿ ಕೊಟ್ಟ ವಟಪದ್ರಕವೆಂಬ ಗ್ರಾಮವೇ ಇಂದಿನ ವಡೋದರಾ. ಮುಂದೆ ಬಾಲಕನಾದ ಅಮೋಘವರ್ಷನ ಸಿಂಹಾಸನಕ್ಕೆ ಕುತ್ತು ಬಂದಾಗ ಅದನ್ನು ಉಳಿಸಿಕೊಟ್ಟವನೂ ಇದೇ ಕರ್ಕನೆಂದು ವಿದ್ವಾಂಸರು ಅವನ ಕ್ರಿ.ಶ. 821ರ ಸೂರತ್ ತಾಮ್ರಪಟಗಳನ್ನು ಆಧರಿಸಿ ನಿರ್ಣಯಿಸಿದ್ದಾರೆ. ಕವಿರಾಜಮಾರ್ಗದೊಡನೆ ಹೆಸರು ಬೆಸೆದುಕೊಂಡ ಅರಸನು ಗದ್ದುಗೆಯಲ್ಲಿ ಉಳಿದದ್ದು ಲಾಟದ ನೆರವಿನಿಂದ. ಸಾಹಿತ್ಯ ಚರಿತ್ರೆಯೂ ಸಂಧಿ ವಿಗ್ರಹಗಳ ಚರಿತ್ರೆಯೂ ಬೇರೆ ಬೇರೆಯಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕನ್ನಡ ಪಂಚತಂತ್ರವನ್ನು ಬರೆದ ದುರ್ಗಸಿಂಹ ಕಲ್ಯಾಣದ ಚಾಲುಕ್ಯ ಜಗದೇಕಮಲ್ಲನ ಸಂಧಿವಿಗ್ರಹಿ, ಅಂದರೆ ಪರರಾಜ್ಯ ವ್ಯವಹಾರದ ಅಧಿಕಾರಿ, ಆಗಿದ್ದನೆಂಬುದನ್ನೂ ಇಲ್ಲಿ ಸ್ಮರಿಸಬಹುದು.

೫

ಅರ್ಥಶಾಸ್ತ್ರವೊಂದೇ ಶಾಮಶಾಸ್ತ್ರಿಗಳ ಜೀವನವನ್ನು ತುಂಬಿತ್ತೆಂದು ಭಾವಿಸಬಾರದು. 1912ರಿಂದ 1918ರವರೆಗೆ ಅವರು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಪ್ರಾಂಶುಪಾಲರಾಗಿದ್ದರು. ಅನಂತರ ಪ್ರಾಚ್ಯಕೋಶಾಗಾರದ ಮುಖ್ಯಸ್ಥರಾಗಿ ಮೈಸೂರಿಗೆ ಹಿಂದಿರುಗಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಕೋಶಾಗಾರ ಅದರ ಅಂಗವಾಯಿತು. ಅವರ ಸಂಪಾದಕತ್ವದಲ್ಲಿ ಸಂಸ್ಕೃತ ಗ್ರಂಥಗಳಂತೆಯೇ ಕನ್ನಡ ಗ್ರಂಥಗಳೂ ಹೊರಬಂದವು. ಲಿಂಗಣ್ಣ ಕವಿಯ ಕೆಳದಿನೃಪವಿಜಯ, ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ ಇವುಗಳಲ್ಲಿ ಮುಖ್ಯವಾದವು. ಒಂದು ಇಕ್ಕೇರಿಯ ನಾಯಕರ ಚರಿತ್ರೆ. ಇನ್ನೊಂದು ಬಿಜಾಪುರದ ದಂಡಿನೆದುರು ಶ್ರೀರಂಗಪಟ್ಟಣವನ್ನು ಕಾಪಾಡಿಕೊಂಡ ಮೈಸೂರಿನ ಅರಸನ ಚರಿತ್ರೆ. ಎರಡರಲ್ಲೂ ನೆರೆಹೊರೆಯ ರಾಜ್ಯಗಳ ಮೈತ್ರಿ, ವೈರ, ಮುತ್ತಿಗೆ, ಕಪ್ಪ ಕಾಣಿಕೆಗಳ ವೃತ್ತಾಂತವೇ ತುಂಬಿದೆ. ಅರ್ಥಶಾಸ್ತ್ರದ ಸಂಪಾದಕರು ಈ ಕೃತಿಗಳನ್ನೂ ಪರಿಷ್ಕರಿಸಿದರೆಂಬುದು ಅರ್ಥಪೂರ್ಣವಾಗಿದೆ.

ಕಲಕತ್ತಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಆಶುತೋಷ ಮುಖರ್ಜಿಯವರಿಗೆ ಶಾಸ್ತ್ರಿಗಳಲ್ಲಿ ಅಪಾರ ಗೌರವವಿತ್ತು. ಕಲಕತ್ತೆಯಲ್ಲಿ ನೀಡಿದ ಉಪನ್ಯಾಸಗಳು ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತ ಗ್ರಂಥವಾಗಿ 1920ರಲ್ಲಿ ಆ ವಿಶ್ವವಿದ್ಯಾಲಯದಿಂದಲೇ ಪ್ರಕಟವಾದವು. ಹಸ್ತಪ್ರತಿಯ ಮುಂದೆ ಕುಳಿತು ಜೀವನವನ್ನು ಆರಂಭಿಸಿದ ಪಂಡಿತರು ಹೀಗೆ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕರಾದರು. ಅದೇ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ಶಾಸ್ತ್ರಿಗಳು ಮೈಸೂರಿನ ತಮ್ಮ ಮನೆಗೆ ಆಶುತೋಷರ ಹೆಸರನ್ನೇ ಇಟ್ಟರು.

1922ರಲ್ಲಿ ಕವಿಚರಿತೆಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ನಿವೃತ್ತರಾದಾಗ ಮೈಸೂರು ಸಂಸ್ಥಾನದ ಪುರಾತತ್ತ್ವ ಸಂಶೋಧನೆಯ ನಿರ್ದೇಶಕರ ಹೊಣೆಯೂ ಶಾಸ್ತ್ರಿಗಳಿಗೆ ಬಂದಿತು. ಆ ದಶಕದ ಕೊನೆಯವರೆಗೆ ಅದನ್ನು ನಿರ್ವಹಿಸಿ, ಎಂ. ಎಚ್. ಕೃಷ್ಣ ಅವರಿಗೆ ಒಪ್ಪಿಸಿದರು. ಓಲೆ, ಕಲ್ಲು, ತಾಮ್ರಗಳ ಮೇಲಿನ ಬರಹಗಳನ್ನು ಒಂದೇ ಶಿಸ್ತಿನಿಂದ ನೋಡುವ ಅವಕಾಶ ಆ ವರ್ಷಗಳಲ್ಲಿ ಅವರಿಗೆ ದೊರೆಯಿತು. ವೇದಾಂಗ ಜ್ಯೋತಿಷ, ವೈದಿಕ ಕಾಲಗಣನೆ, ಗ್ರಹಣಚಕ್ರ, ದೇವನಾಗರಿ ಲಿಪಿಯ ಮೂಲ, ಜಾತಿಯ ವಿಕಾಸ ಮುಂತಾದ ವಿಷಯಗಳಲ್ಲೂ ಅವರು ಬರೆದರು. ಇವುಗಳಲ್ಲಿ ಕೆಲವು ಊಹೆಗಳನ್ನು ನಂತರದ ವಿದ್ವಾಂಸರು ಒಪ್ಪಲಿಲ್ಲ. ಆದರೆ ಒಬ್ಬ ಗ್ರಂಥಪಾಲಕನ ಆಸಕ್ತಿಯ ಹರಹು ಎಷ್ಟೆಂಬುದಕ್ಕೆ ಅವು ಸಾಕ್ಷಿಯಾಗಿವೆ.

ಮಹಾಮಹೋಪಾಧ್ಯಾಯ ಬಿರುದು, ಮೈಸೂರು ಅರಮನೆಯ ಮನ್ನಣೆ, ಕ್ಯಾಂಪ್‌ಬೆಲ್ ಸ್ಮಾರಕ ಸ್ವರ್ಣಪದಕ ಅವರಿಗೆ ಸಂದವು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಭೇಟಿಯಿತ್ತಾಗ ಅಲ್ಲಿಯ ವಿದ್ವಾಂಸರೊಬ್ಬರು, ತಾವು ಶಾಮಶಾಸ್ತ್ರಿಗಳ ಮೈಸೂರಿನವರೇ ಎಂದು ವಿಚಾರಿಸಿದರೆಂಬ ಕಥೆ ಮೈಸೂರಿನಲ್ಲಿ ಪ್ರಚಲಿತವಾಗಿದೆ. ಶಾಸ್ತ್ರಿಗಳು 1944ರಲ್ಲಿ ನಿಧನ ಹೊಂದಿದರು. ಅದಕ್ಕೆ ಒಂದು ವರ್ಷ ಮುಂಚೆ, 1943ರಲ್ಲಿ, ಅವರು ದುಡಿದ ಕೋಶಾಗಾರ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆದಿತ್ತು.

೬

ಶಾಸ್ತ್ರಿಗಳು ಬದುಕಿದ್ದಾಗಲೇ ಅವರ ಗ್ರಂಥದ ಸುತ್ತ ದೊಡ್ಡ ವಾದವೊಂದು ಹುಟ್ಟಿಕೊಂಡಿತು. ಗ್ರಂಥಕರ್ತೃ ಚಂದ್ರಗುಪ್ತ ಮೌರ್ಯನ ಮಂತ್ರಿಯೇ, ಆದ್ದರಿಂದ ಕೃತಿಯ ಕಾಲ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನ ಎಂಬುದು ಶಾಸ್ತ್ರಿಗಳ ನಿಲುವು. ಯೂಲಿಯಸ್ ಯೋಲಿ, ವಿಂಟರ್‌ನಿಟ್ಸ್, ಕೀತ್ ಮೊದಲಾದವರು ಇದನ್ನು ಒಪ್ಪದೆ ಕೃತಿಯನ್ನು ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ತಂದರು. ವಿಶಾಲವಾದ ಮೌರ್ಯ ಸಾಮ್ರಾಜ್ಯದ ಪ್ರತಿಬಿಂಬ ಈ ಗ್ರಂಥದಲ್ಲಿಲ್ಲ, ಸರಿಸುಮಾರು ಸಮಬಲದ ಹಲವು ಸಣ್ಣ ರಾಜ್ಯಗಳ ಚಿತ್ರವಿದೆ ಎಂಬುದು ಅವರ ಆಕ್ಷೇಪಗಳಲ್ಲೊಂದು. 1971ರಲ್ಲಿ ಥಾಮಸ್ ಟ್ರಾಟ್‌ಮನ್ ಅವರು ಪದಪ್ರಯೋಗಗಳ ಸಂಖ್ಯಾಶಾಸ್ತ್ರೀಯ ಪರಿಶೀಲನೆಯಿಂದ ಕೃತಿಯಲ್ಲಿ ಒಂದಕ್ಕಿಂತ ಹೆಚ್ಚು ಕರ್ತೃಗಳ ಕೈವಾಡವಿದೆ ಎಂಬ ತೀರ್ಮಾನಕ್ಕೆ ಬಂದರು. 2013ರಲ್ಲಿ ಹೊಸ ಅನುವಾದವನ್ನು ಪ್ರಕಟಿಸಿದ ಪ್ಯಾಟ್ರಿಕ್ ಒಲಿವೆಲ್ ಅವರೂ ಮೌರ್ಯರ ನಂತರದ ಕಾಲವನ್ನೇ ಸೂಚಿಸಿ, ಗ್ರಂಥ ಹಂತಹಂತವಾಗಿ ಬೆಳೆದುದೆಂದು ವಾದಿಸಿದ್ದಾರೆ.

ಈ ವಾದ ಸಂಸ್ಕೃತ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅರ್ಥಶಾಸ್ತ್ರವನ್ನು ಒಂದು ಸಾಮ್ರಾಜ್ಯದ ಕೈಪಿಡಿಯೆಂದು ಬೋಧಿಸುವುದಕ್ಕೂ, ಹಲವು ಸಮಬಲ ರಾಜ್ಯಗಳ ನಡುವೆ ಉಳಿಯುವ ಮತ್ತು ಬೆಳೆಯುವ ವಿದ್ಯೆಯೆಂದು ಬೋಧಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯ ರೀತಿಯಲ್ಲಿ ಅದು ಪ್ರಾಚೀನ ವೈಭವದ ಸಾಕ್ಷಿ. ಎರಡನೆಯ ರೀತಿಯಲ್ಲಿ ಅದು ರಾಜ್ಯಗಳ ವ್ಯವಸ್ಥೆಯನ್ನು ಕುರಿತ ಸಿದ್ಧಾಂತ. 1964ರಲ್ಲಿ ಜಾರ್ಜ್ ಮೊಡೆಲ್ಸ್ಕಿ ಅಮೆರಿಕದ ಅದೇ ರಾಜ್ಯಶಾಸ್ತ್ರ ಪತ್ರಿಕೆಯಲ್ಲಿ ಅದನ್ನು ಪ್ರಾಚೀನ ಹಿಂದೂ ಜಗತ್ತಿನ ಅಂತರರಾಷ್ಟ್ರೀಯ ವ್ಯವಸ್ಥೆಯ ದೃಷ್ಟಿಯಿಂದ ಪರಿಶೀಲಿಸಿದಾಗ ಈ ಎರಡನೆಯ ಓದಿಗೆ ಬಲ ಬಂದಿತು.

ಅಚ್ಚಾದ ಮೂಲದ ಪಾಠವೂ ಒಂದೆಡೆ ನಿಲ್ಲಲಿಲ್ಲ. ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ 1924–25ರಲ್ಲಿ ಸ್ವಂತ ವ್ಯಾಖ್ಯಾನದೊಡನೆ ಇನ್ನೊಂದು ಪರಿಷ್ಕರಣವನ್ನು ತಂದರು. ಜರ್ಮನಿಯ ಮೇಯರ್ ತಮ್ಮ ಅನುವಾದದಲ್ಲಿ ಹಲವು ಎಡೆಗಳಲ್ಲಿ ಶಾಮಶಾಸ್ತ್ರಿಗಳ ಅರ್ಥವನ್ನು ತಿದ್ದಿದರು. 1959ರಲ್ಲಿ ಗುಜರಾತಿನ ಕಡೆಯಿಂದ ಮಹತ್ವದ ಸಾಮಗ್ರಿಯೊಂದು ಬೆಳಕಿಗೆ ಬಂದಿತು. ಅಹಮದಾಬಾದಿನ ಉತ್ತರಕ್ಕಿರುವ ಪಾಟಣ, ಸೋಲಂಕಿಗಳ ಹಳೆಯ ರಾಜಧಾನಿ, ಹೇಮಚಂದ್ರಾಚಾರ್ಯರ ಕರ್ಮಭೂಮಿ. ಅಲ್ಲಿಯ ಜೈನ ಭಂಡಾರದಲ್ಲಿ ಉಳಿದಿದ್ದ ಅರ್ಥಶಾಸ್ತ್ರದ ಅಪೂರ್ಣ ಓಲೆಪ್ರತಿಯನ್ನೂ ಅದರ ಟೀಕೆಯೊಂದರ ತುಣುಕನ್ನೂ ಮುನಿ ಜಿನವಿಜಯರು ಪ್ರಕಟಿಸಿದರು. ಅಹಮದಾಬಾದಿನ ಗುಜರಾತ್ ವಿದ್ಯಾಪೀಠದ ಪುರಾತತ್ತ್ವ ಮಂದಿರದಲ್ಲಿ ಹಿಂದೆ ಆಚಾರ್ಯರಾಗಿದ್ದವರು ಇವರು. ಅಲ್ಲಿಯವರೆಗೆ ದೊರೆತ ಪ್ರತಿಗಳೆಲ್ಲ ದಕ್ಷಿಣದವಾಗಿದ್ದವು. ಪಾಟಣದ ದೇವನಾಗರಿ ಪ್ರತಿ ಉತ್ತರದ ಪಾಠಸಂಪ್ರದಾಯಕ್ಕೆ ಸಾಕ್ಷಿ ನುಡಿಯಿತು. ಈ ಎಲ್ಲ ಪ್ರತಿಗಳನ್ನು ತೂಗಿನೋಡಿ ಆರ್. ಪಿ. ಕಾಂಗಲೆಯವರು 1960ರಿಂದ 1965ರ ಅವಧಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೂಲಕ ವಿಮರ್ಶಾತ್ಮಕ ಪರಿಷ್ಕರಣ, ಅನುವಾದ, ಅಧ್ಯಯನಗಳನ್ನು ಹೊರತಂದರು. ಇದೇ ಬಗೆಯ ಕೊಡುಕೊಳ್ಳುವಿಕೆಗೆ ಇನ್ನೊಂದು ನಿದರ್ಶನ ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ರಾಜನೀತಿಯನ್ನೂ ಒಳಗೊಂಡ ಕನ್ನಡ ನಾಡಿನ ಆ ವಿಶ್ವಕೋಶ, 1925ರಿಂದ ಅಚ್ಚಾಗತೊಡಗಿದ್ದು ಆ ಮಾಲೆಯಲ್ಲಿ. ತಂಜಾವೂರಿನ ಪ್ರತಿ ಮೈಸೂರಿನಲ್ಲಿ, ಕಲ್ಯಾಣದ ಗ್ರಂಥ ಬರೋಡಾದಲ್ಲಿ ಬೆಳಕು ಕಂಡವು.

ಶಾಮಶಾಸ್ತ್ರಿಗಳ ಪಾಠವನ್ನು ಇಷ್ಟು ಮಂದಿ ತಿದ್ದಿದರೆಂಬುದು ಅವರ ಹಿರಿಮೆಗೆ ಕುಂದಲ್ಲ. ಒಂದೇ ಪ್ರತಿಯನ್ನು ನಂಬಿ, ಗುರುವಿಲ್ಲದ ಹಾದಿಯಲ್ಲಿ ನಡೆದು, ತಮಗೆ ತಿಳಿದಷ್ಟನ್ನು ಅವರು ಲೋಕದ ಮುಂದಿಟ್ಟರು. ತಿದ್ದುವುದಕ್ಕೆ ಮೊದಲು ಪಾಠವೊಂದು ಇರಬೇಕು. ಅದನ್ನು ಒದಗಿಸಿದವರು ಅವರು.

೭

1955ರಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಅಧ್ಯಯನಕ್ಕೆ ಮೀಸಲಾದ ಸಂಸ್ಥೆ ಆರಂಭವಾಗಿ, 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಅಂದಿನಿಂದ ಈ ವಿಷಯ ದೇಶದ ಬಹುಪಾಲು ವಿಶ್ವವಿದ್ಯಾಲಯಗಳಿಗೆ ವಿಸ್ತರಿಸಿದೆ. ಕನ್ನಡ ಮಾಧ್ಯಮದಲ್ಲಿ ಅದನ್ನು ಓದುವ ವಿದ್ಯಾರ್ಥಿಗಳೂ ಸಾಕಷ್ಟಿದ್ದಾರೆ. ಅವರ ಪಠ್ಯಗಳಲ್ಲಿ ಹಲವು ಪಾರಿಭಾಷಿಕ ಪದಗಳು ಇಂಗ್ಲಿಷಿನ ಪಡಿಯಚ್ಚಾಗಿ ಬರುತ್ತವೆ. ಸಂಧಿ, ವಿಗ್ರಹ, ಸಂಶ್ರಯ, ಮಧ್ಯಮ, ಉದಾಸೀನಗಳಂತಹ ಪದಗಳನ್ನು ಶಾಸ್ತ್ರಾರ್ಥದಲ್ಲಿ ವಿವರಿಸಿ ಅವರ ಬಳಕೆಗೆ ತರುವ ಕೆಲಸ ಭಾಷಾವಿಭಾಗಗಳದ್ದು. ಪದದ ಇಂದಿನ ಅರ್ಥವನ್ನೇ ಹಿಡಿದು ಶಾಸ್ತ್ರವನ್ನು ಓದಿದರೆ ಉದಾಸೀನ ರಾಜನು ಅಲಕ್ಷ್ಯಗಾರನಾಗಿಬಿಡುತ್ತಾನೆ. ಅಲ್ಲಿಗೆ ಸಿದ್ಧಾಂತವೇ ತಲೆಕೆಳಗಾಗುತ್ತದೆ.

ಶಾಮಶಾಸ್ತ್ರಿಗಳು ರಾಯಭಾರಿಯಾಗಿರಲಿಲ್ಲ, ಮಂತ್ರಿಯಾಗಿರಲಿಲ್ಲ, ಯಾವ ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಆದರೂ ಜಗತ್ತಿನ ರಾಜ್ಯಗಳ ಸಂಬಂಧವನ್ನು ಕುರಿತು ನಡೆಯುವ ಚರ್ಚೆಯಲ್ಲಿ ಭಾರತೀಯ ಚಿಂತನೆಗೆ ಒಂದು ಆಸನವನ್ನು ಒದಗಿಸಿಕೊಟ್ಟವರಲ್ಲಿ ಅವರು ಮೊದಲಿಗರು. ಅದನ್ನು ಸಾಧಿಸಿದ್ದು ಪ್ರತಿಯನ್ನು ಓದುವ, ಪಾಠವನ್ನು ನಿರ್ಣಯಿಸುವ, ಪದದ ಅರ್ಥವನ್ನು ಅರಸುವ ಕೆಲಸದಿಂದ. ಕನ್ನಡ ವಿಭಾಗಗಳಲ್ಲಿ ನಿತ್ಯ ನಡೆಯಬೇಕಾದ ಕೆಲಸವೂ ಅದೇ ಆಗಿದೆ. ಗ್ರಂಥಸಂಪಾದನೆಯ ತರಗತಿಯೂ ರಾಜ್ಯಶಾಸ್ತ್ರದ ತರಗತಿಯೂ ಒಂದೇ ಕಟ್ಟಡದಲ್ಲಿದ್ದೂ ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದ ಸ್ಥಿತಿ ಹೋಗಿ, ಎರಡೂ ಕಡೆಯ ವಿದ್ಯಾರ್ಥಿಗಳು ಅರ್ಥಶಾಸ್ತ್ರದ ಒಂದು ಅಧಿಕರಣವನ್ನಾದರೂ ಜೊತೆಯಲ್ಲಿ ಕುಳಿತು ಓದುವಂತಾದರೆ, ರುದ್ರಪಟ್ಟಣದ ಈ ವಿದ್ವಾಂಸರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದಂತಾಗುತ್ತದೆ.